ದೇವರ ಮನೆ ಸೇರಿದ ಶಾಲೆ

ಮಗಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುವುದೆಂದು ನಾವು ತೀರ್ಮಾನಿಸಿದ್ದು ಜುಲೈ ತಿಂಗಳ ಒಂದು ಸೋಮವಾರ. ಹಾಗೆಂದು ನನ್ನ ನೆನಪು. ಹೆಂಡತಿಯ ಪ್ರಕಾರ ಅದು ಭಾನುವಾರ. ತೀರ್ಮಾನ ಅಂತ ಯಾವುದೂ ಆಗಲಿಲ್ಲ, ಊಟದ ಮೇಲೆ ನಾನು ಮಾತಾಡುತ್ತಲೇ ಇದ್ದೆ, ಅವಳಿಗೆ ತೂಕಡಿಕೆ ಬಂತು, ತೂಕಡಿಸಿದ್ದನ್ನು ನಾನು ತಲೆಯಾಡಿಸಿದ್ದು ಅಂದುಕೊಂಡೆ.

ಕಾರಣದ ಬಗ್ಗೆ ಮಾತ್ರ ನಮ್ಮಲ್ಲಿ ಜಗಳವಿಲ್ಲ. ಮಗಳಿಗೆ ಆಗ ಎಂಟು ವರ್ಷ, ಮೂರನೇ ಕ್ಲಾಸು. ಪಕ್ಕದಲ್ಲಿ ಕೂರುವ ಹುಡುಗಿ ಪಾಠ ಓದಿದರೆ ಇವಳು ಒಂದೇ ಸಲಕ್ಕೆ ಬಾಯಿಪಾಠ ಮಾಡಿಕೊಂಡು, ಸಾಲಿನ ಕೆಳಗೆ ಬೆರಳು ಸರಿಸುತ್ತಾ ಗಟ್ಟಿಯಾಗಿ ಒಪ್ಪಿಸುತ್ತಿದ್ದಳು. ಅವಳಿಗೆ ಓದಲು ಬರುವುದಿಲ್ಲ ಅನ್ನುವುದು ಟೀಚರಿಗೂ ಗೊತ್ತಾಗಿರಲಿಲ್ಲ, ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಕೂತು ‘ಓದು ಎಂದರೇನು’ ಎಂಬುದರ ಮೇಲೆಯೇ ಪ್ರಬಂಧ ಬರೆದ ನನಗೂ ಗೊತ್ತಾಗಿರಲಿಲ್ಲ. ಒಂದು ದಿನ ಟೀಚರು ಪಾಠದ ನಡುವಿನ ಸಾಲಿನ ಮೇಲೆ ಕೈಯಿಟ್ಟು ಇಲ್ಲಿಂದ ಓದು ಅಂದರು. ಬೆರಳು ಅಲ್ಲಿ ನಿಂತಿತು, ಬಾಯಿ ಮೊದಲ ಸಾಲಿನಿಂದ ಶುರುಮಾಡಿತು. ಇಡೀ ಕ್ಲಾಸು ನಕ್ಕಿತು. ಮಾರನೇ ದಿನದಿಂದ ವ್ಯಾನಿನ ಹಾರ್ನ್ ಕೇಳಿದರೆ ಹೊಟ್ಟೆನೋವು. ಭಾನುವಾರ ಹೊಟ್ಟೆನೋವು ಇರುತ್ತಿರಲಿಲ್ಲ.

ನನ್ನ ಹತ್ತಿರ ಒಂದು ದೊಡ್ಡ ಸಾಕ್ಷಿಯಿತ್ತು. ಏಳನೇ ವಯಸ್ಸಿನಲ್ಲಿ ನನಗೆ ಕಾಮಾಲೆ ಬಂದು ಒಂದು ವರ್ಷ ಶಾಲೆ ಬಿಟ್ಟಿದ್ದೆ. ಕಾಮಾಕ್ಷಿಪಾಳ್ಯದ ವಠಾರದ ಮನೆಯಲ್ಲಿ ಅಮ್ಮ ಅವರೆಕಾಯಿ ಬಿಡಿಸುತ್ತಾ, ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರ ಬರೆದು ಓದು ಕಲಿಸಿದ್ದಳು. “ನನಗೇನು ಕಮ್ಮಿಯಾಗಿದೆ?” ಅಂತ ಹೆಂಡತಿಯನ್ನು ಕೇಳಿದೆ.

“ಅದನ್ನ ನನ್ನ ಬಾಯಲ್ಲೇ ಹೇಳಿಸ್ಬೇಕಾ?” ಅಂದಳು.

ಆದರೂ ಆ ಸೀಮೆಸುಣ್ಣದ ಕಥೆಗೆ ಅವಳು ಕರಗಿದಳು. ಶಾಲೆಯವರು ದಸರಾ ರಜೆ ಮುಗಿಯುವವರೆಗೂ ಮಗಳ ಹೆಸರು ತೆಗೆಯುವುದಿಲ್ಲ ಎಂದು ಒಪ್ಪಿದರು. ಹೆಂಡತಿ ಒಂದೇ ಷರತ್ತು ಹಾಕಿದಳು. ಅಷ್ಟರೊಳಗೆ ಮಗಳು, ಹಿಂದೆ ಎಂದೂ ಕೇಳಿರದ ಏನನ್ನಾದರೂ ತನ್ನ ಮುಂದೆ ತಾನಾಗಿ ಓದಬೇಕು. ಇಲ್ಲದಿದ್ದರೆ ಮತ್ತೆ ವ್ಯಾನು. ಊಟದ ಮೇಜಿನ ಕೆಳಗೆ ಕೂತು ಕೇಳಿಸಿಕೊಳ್ಳುತ್ತಿದ್ದ ಮಗಳು “ವ್ಯಾನ್ ಬೇಡ” ಅಂದಳು.

ನಾನು ನಾಲ್ಕು ಬಣ್ಣದಲ್ಲಿ ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದೆ.

“ಅಪ್ಪ, ಇಂಟರ್ವಲ್ ಎಲ್ಲಿ?”

“ಮನೇಲಿ ಕಲಿಯೋದಕ್ಕೆ ಇಂಟರ್ವಲ್ ಬೇಕಾಗಲ್ಲ ಪುಟ್ಟಿ. ಇಡೀ ದಿನವೇ ಕಲಿಕೆ.”

“ಹಂಗಾದ್ರೆ ಸ್ಕೂಲೇ ವಾಸಿ.”

ಎರಡು ವಾರದಲ್ಲಿ ಟೈಮ್‌ಟೇಬಲ್ ಬಿದ್ದುಹೋಯಿತು, ಗೋಡೆಯಿಂದಲೂ. ಆಮೇಲೆ ನಾನು ಸಿದ್ಧಾಂತ ಬದಲಾಯಿಸಿದೆ. ಹುರುಳಿಕಾಯಿ ಹೆಚ್ಚುತ್ತಿದ್ದ ಅಮ್ಮನಿಗೆ ಅದನ್ನು ವಿವರಿಸಿದೆ: ಅಡುಗೆಮನೆಯ ತಕ್ಕಡಿಯೇ ಲೆಕ್ಕದ ಪುಸ್ತಕ, ಇಂಚುಟೇಪೇ ರೇಖಾಗಣಿತ, ಗಡಿಯಾರ, ಕ್ಯಾಲೆಂಡರ್, ಭೂಪಟ, ಈ ಮನೆಯಲ್ಲಿರುವುದೆಲ್ಲ ಪುಸ್ತಕವೇ.

“ಎಲ್ಲಾನೂ ಪುಸ್ತಕಾನೇ ಅಂತೀಯ?”

“ಎಲ್ಲಾನೂ.”

ಅಮ್ಮ ತಲೆಯಾಡಿಸಿದಳು. ನನ್ನ ಮಾತಿಗೆ ಮರುಳಾದಳು ಅಂದುಕೊಂಡೆ.

ಓದಿನ ವಿಷಯ ಮಾತ್ರ ನನಗೆ ಬಗೆಹರಿಯಲಿಲ್ಲ. ಚಂದ್ರಾ ಲೇಔಟಿನ ಬಸ್ ಸ್ಟಾಪಿನಲ್ಲಿ ನಿಂತು ಬೋರ್ಡು ನೋಡಿ “ಕೆಂಗೇರಿ” ಅನ್ನುತ್ತಿದ್ದಳು. ಓದಿ ಹೇಳಿದಳೋ, ಬಸ್ಸಿನ ನಂಬರು ನೋಡಿ ಹೇಳಿದಳೋ? ಹೊಸ ಕಥೆಪುಸ್ತಕ ತಂದುಕೊಟ್ಟು ಎರಡು ಸಲ ಓದಿ ತೋರಿಸಿದರೆ ಮೂರನೇ ಸಲ ಕಣ್ಣುಮುಚ್ಚಿ ಒಪ್ಪಿಸುತ್ತಿದ್ದಳು. ಎಲ್ಲವನ್ನೂ ಅನುಮಾನಿಸು ಎಂದು ನನಗೆ ಕಲಿಸಿದವರು, ಅನುಮಾನ ಬಂದ ಮೇಲೆ ಏನು ಮಾಡಬೇಕೆಂದು ಕಲಿಸಿರಲಿಲ್ಲ.

ದಸರಾ ಬಂತು. ಪರೀಕ್ಷೆಗಳು ಮಕ್ಕಳನ್ನು ಹಾಳುಮಾಡುತ್ತವೆ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ ನಾನು, ಉಳಿದ ನಾಲ್ಕು ದಿನದಲ್ಲಿ ಮಗಳಿಗೆ ಏನೇನು ಉರು ಹೊಡೆಸಬೇಕೆಂದು ಪಟ್ಟಿ ಮಾಡಿದೆ. ಮಾರನೇ ಬೆಳಗ್ಗೆ ಹಾಲು ತಂದು ಗೋಡೆ ನೋಡಿದರೆ ಬರೀ ಮೊಳೆ.

“ಅಮ್ಮ, ಗಡಿಯಾರ ಎಲ್ಲಿ?”

“ಪೂಜೆಗಿಟ್ಟಿದೀನಿ ಕಣೋ. ಇವತ್ತು ಸರಸ್ವತಿ ಪೂಜೆ ಅಲ್ವಾ.”

ದೇವರ ಮನೆಯಲ್ಲಿ ಮಗಳ ಪುಸ್ತಕಗಳು, ಅವುಗಳ ಮೇಲೆ ತಕ್ಕಡಿ, ಇಂಚುಟೇಪು, ಗಡಿಯಾರ, ಕ್ಯಾಲೆಂಡರ್, ಸುತ್ತಿಟ್ಟ ಭೂಪಟ, ಒರಗಿಸಿಟ್ಟ ನನ್ನ ಲ್ಯಾಪ್‌ಟಾಪ್. ಒಂದೊಂದಕ್ಕೂ ಕುಂಕುಮ, ಒಂದೊಂದು ಸೇವಂತಿಗೆ. ಅಪ್ಪ ಲೇತ್ ವರ್ಕ್‌ಶಾಪಿನಲ್ಲಿ ದುಡಿದವರು. ನಮ್ಮ ಮನೆಯಲ್ಲಿ ಮೊದಲಿಂದಲೂ ಒಂದೇ ನಿಯಮ: ಯಾವುದರಿಂದ ಕೆಲಸ ನಡೆಯುತ್ತದೋ ಅದು ಪೂಜೆಗೆ ಹೋಗಬೇಕು, ಪೂಜೆಗಿಟ್ಟದ್ದನ್ನು ವಿಜಯದಶಮಿವರೆಗೆ ಯಾರೂ ಮುಟ್ಟಬಾರದು. ಅಪ್ಪನ ಸ್ಪ್ಯಾನರಿಗೂ ಅದೇ, ನಮ್ಮ ಪುಸ್ತಕಕ್ಕೂ ಅದೇ.

“ನೀನೇ ಹೇಳಿದ್ದಲ್ವೇನೋ, ಎಲ್ಲಾ ಪುಸ್ತಕ ಅಂತ. ನಾನೇನು ಓದಿದೋಳಾ? ಓದಿದೋನ ಮಾತು ಕೇಳಿದೆ.”

“ಲ್ಯಾಪ್‌ಟಾಪ್ ನನ್ನ ಕೆಲಸದ್ದಮ್ಮ.”

“ಅದರಲ್ಲೇ ತಾನೇ ಅವಳಿಗೆ ತಿಮಿಂಗಿಲ ತೋರಿಸಿದ್ದು?”

ಅಡುಗೆಮನೆ ಬಾಗಿಲಿಗೆ ಒರಗಿದ್ದ ಹೆಂಡತಿ “ಫ್ರಿಜ್ ಉಳ್ಕೊಂಡಿದೆ, ನಮ್ಮ ಪುಣ್ಯ” ಅಂದಳು.

“ಅದಕ್ಕೆ ಜಾಗ ಸಾಲಲಿಲ್ಲ ಕಣಮ್ಮ” ಅಂದಳು ಅಮ್ಮ. ತಮಾಷೆಗೆ ಅಂದದ್ದಲ್ಲ.

“ಅಜ್ಜಿ, ವಿಜಯದಶಮಿವರೆಗೂ ರಜಾನಾ?”

“ದೇವರೇ ಕೊಟ್ಟ ರಜಾ ಕಣೇ. ಅಲ್ಲಿವರೆಗೂ ಏನನ್ನೂ ಓದಬಾರದು.”

ನನಗೆ ರೇಗಿತು. “ಏನಮ್ಮ, ಅವಳು ಓದದೇ ಇದ್ರೆ ಮತ್ತೆ ವ್ಯಾನಿಗೆ ಹಾಕ್ಬೇಕು. ನನ್ನನ್ನ ಒಂದು ವರ್ಷ ಮನೇಲಿ ಕೂರಿಸಿ ಕಲಿಸಿದ್ಯಲ್ಲ, ಆಗಲೂ ಹಿಂಗೇ ಎಲ್ಲಾ ಎತ್ತಿಟ್ಟಿದ್ಯಾ?”

“ನೀನೆಲ್ಲಿ ಮನೇಲಿದ್ದೆ? ಕಾಮಾಲೆ ಆಗಿದ್ದು ನಿಮ್ಮಕ್ಕನಿಗೆ. ನೀನು ಒಂದು ದಿನ ತಪ್ಪಿಸದೆ ಸ್ಕೂಲಿಗೆ ಹೋಗ್ತಿದ್ದೆ. ಸಾಯಂಕಾಲ ಬಂದು ಅವಳ ಪಕ್ಕ ಕೂತು, ಅವಳು ಓದಿದ್ದನ್ನೇ ನೀನೂ ಹೇಳ್ತಿದ್ದೆ.”

ಹೆಂಡತಿ ಬಾಗಿಲು ಬಿಟ್ಟು ಈಚೆ ಬಂದಳು. “ಅತ್ತೆ, ಇಷ್ಟು ದಿನ ಯಾಕೆ ಹೇಳಲಿಲ್ಲ ನೀವು?”

“ಮಗು ಮನೇಲಿದ್ರೆ ನನಗೂ ಜೊತೆಯಾಗುತ್ತಲ್ಲ ಅಂತ ಸುಮ್ನಿದ್ದೆ.”

ನಾನು ಅಕ್ಕನಿಗೆ ಫೋನ್ ಮಾಡಿದೆ. ಅವಳು ಬಹಳ ಹೊತ್ತು ನಕ್ಕಳು. “ಎಲ್ಲಾದ್ರಲ್ಲೂ ನೀನೇ ಮುಂದೆ. ಹಳದಿಯಾಗಿದ್ದನ್ನಾದ್ರೂ ನನಗೆ ಬಿಡೋ” ಅಂದಳು. ಈಗಲೂ ಕಣ್ಣು ಮುಚ್ಚಿದರೆ ಆ ಕೆಂಪು ನೆಲ, ಅವರೆಯ ಸೊಗಡು, ಸುಣ್ಣದ ಅಕ್ಷರ ಎಲ್ಲ ಕಾಣುತ್ತವೆ. ಅವೆಲ್ಲ ಅಕ್ಕನ ಪಾಲಿನವು ಎಂದು ಹೇಗೆ ನಂಬಲಿ?

“ರಜೆ ಮುಗಿದ ಮೇಲೆ ಬರ್ತಾಳೆ ಅಂತ ಸ್ಕೂಲಿಗೆ ಹೇಳಿಬಿಡ್ತೀನಿ” ಅಂದಳು ಹೆಂಡತಿ, ಮೆಲ್ಲಗೆ.

ಮಗಳು ಸದ್ದಿಲ್ಲದೆ ಎದ್ದು ಹೋಗಿ ದೇವರ ಮನೆಯ ಹೊಸ್ತಿಲ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಹೂವು ಕಟ್ಟಿಸಿಕೊಂಡು ಬಂದಿದ್ದ ಹಳೇ ಪೇಪರಿನ ತುಂಡು ಅಲ್ಲಿ ಒದ್ದೆಯಾಗಿ ಬಿದ್ದಿತ್ತು. ಸ್ವಲ್ಪ ಹೊತ್ತಿಗೆ ಅವಳ ದನಿ ಕೇಳಿಸಿತು.

“ಸಂಪ್... ಟ್ಯಾಂಕ್... ಸ್ವ... ಸ್ವಚ್...”

“ಓದಬಾರದು ಅಂದೆ ಕಣೇ” ಅಂದಳು ಅಮ್ಮ, ದೀಪಕ್ಕೆ ಎಣ್ಣೆ ಹಾಕುತ್ತಾ.

“ಓದ್ತಾ ಇಲ್ಲ ಅಜ್ಜಿ, ನೋಡ್ತಾ ಇದೀನಿ. ಸ್ವಚ್ಛ... ಗೊಳಿಸಿ... ಕೊಡ... ಲಾಗು... ವುದು.” ತಿರುಗಿ ನನ್ನನ್ನು ನೋಡಿದಳು. “ಯಾರು ಮಾಡ್ಕೊಡೋದು? ಹೆಸರೇ ಹಾಕಿಲ್ಲ.”

ಹೆಂಡತಿ ಹೋಗಿ ಅವಳ ಪಕ್ಕ ಕೂತಳು. ಪೇಪರನ್ನು ನೆಲದ ಮೇಲೆ ಸವರಿ, ಬೇರೊಂದು ಸಾಲಿನ ನಟ್ಟನಡುವೆ ಬೆರಳಿಟ್ಟು “ಇಲ್ಲಿಂದ” ಅಂದಳು. ಟೀಚರು ಮಾಡಿದ್ದೂ ಅದನ್ನೇ. ತಡೆಯಬೇಕೆನಿಸಿತು. ಮಗಳ ಬೆರಳು ನಿಂತಿತು. ಬಾಯಿಯೂ ನಿಂತಿತು. ಗಡಿಯಾರವಿಲ್ಲದ್ದರಿಂದ ಎಷ್ಟು ಹೊತ್ತು ಅಂತ ಹೇಳಲಾರೆ.

“ಬಣ್ಣದ ನಾಯಿ... ಕಾಣೆಯಾಗಿದೆ. ಎಡ... ಎಡಗವಿ... ಅಲ್ಲ, ಎಡಗಿವಿ ಮಡಚಿದೆ.”

ಆ ‘ಅಲ್ಲ’ ಸಾಕಾಯಿತು ನನಗೆ. ಬಾಯಿಪಾಠ ಮಾಡಿದವರು ಮರೆತು ತಪ್ಪುತ್ತಾರೆ. ಇವಳು ನೋಡಿ ತಪ್ಪಿದ್ದಳು, ನೋಡಿ ತಿದ್ದಿಕೊಂಡಿದ್ದಳು.

“ಇದನ್ನೆಲ್ಲ ಯಾವಾಗ ಕಲಿತೆ?” ಅಂತ ಕೇಳಿದ್ದು ಹೆಂಡತಿ. ನನ್ನ ಯಾವ ವಿಧಾನ ಫಲಿಸಿತು ಎಂದು ತಿಳಿಯಲು ನಾನೂ ಕಾತರದಲ್ಲಿದ್ದೆ.

ಉತ್ತರ ಕೊಟ್ಟದ್ದು ಅಮ್ಮ. “ನನಗೆ ಕನ್ನಡಕ ಹಾಕ್ಕೊಂಡ್ರೂ ಸಣ್ಣಕ್ಷರ ಕಾಣಲ್ಲ. ಇವನು ರೂಮಲ್ಲಿ ಮೀಟಿಂಗ್ ಅಂತ ಕೂತಾಗ ದಿನಾ ಇವಳೇ ಪೇಪರ್ ನೋಡಿ ಹೇಳ್ತಾಳೆ, ಯಾರ್ಯಾರು ತೀರ್ಕೊಂಡ್ರು, ಯಾವ ಏರಿಯಾ ಅಂತ.”

ಮೂರು ತಿಂಗಳು ಮಗಳು ಓದಿದ್ದು ನಿಧನವಾರ್ತೆ. ದಿನಾ ಬೇರೆ ಬೇರೆಯವರು ಸಾಯುವುದರಿಂದ ಅದನ್ನು ಬಾಯಿಪಾಠ ಮಾಡಲು ಬರುವುದಿಲ್ಲ. ಇಷ್ಟು ಒಳ್ಳೆಯ ಪಠ್ಯ ನನ್ನ ಐದು ವರ್ಷದ ಅಧ್ಯಯನದಲ್ಲಿ ಹೊಳೆದಿರಲಿಲ್ಲ.

ವಿಜಯದಶಮಿಯವರೆಗೆ ಲ್ಯಾಪ್‌ಟಾಪ್ ದೇವರ ಮನೆಯಲ್ಲೇ ಇತ್ತು, ಕೆಟ್ಟಿದೆ ಅಂತ ಆಫೀಸಿಗೆ ಹೇಳಿದೆ. ರಜೆ ಮುಗಿದ ದಿನ ಹೆಂಡತಿ ಶಾಲೆಗೆ ಫೋನ್ ಮಾಡಿ, ಈ ವರ್ಷ ಬರುವುದಿಲ್ಲ, ಹೆಸರು ತೆಗೆದುಬಿಡಿ ಅಂದಳು. ನಾನು ಗೆದ್ದವನ ಹಾಗೆ ನಿಂತಿದ್ದೆನೋ ಏನೋ, ಫೋನ್ ಇಟ್ಟು ನನ್ನ ಕಡೆ ತಿರುಗಿದಳು.

“ನಿಮ್ಮ ಕಥೆ ನಂಬಿ ಅಲ್ಲಾರೀ. ನಿಮ್ಮಕ್ಕನ ಕಥೆ ನಂಬಿ.”

ಆ ಪೇಪರಿನ ತುಂಡನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕೆಂದು ಹುಡುಕಿದೆ. ಎಣ್ಣೆ ಸೋರದಿರಲೆಂದು ಅಮ್ಮ ಅದನ್ನು ದೀಪದ ಕೆಳಗೆ ಹಾಸಿಬಿಟ್ಟಿದ್ದಳು, ಒಂದಕ್ಷರವೂ ಉಳಿದಿರಲಿಲ್ಲ. ಹಾಗಾಗಿ ಎಡಗಿವಿ ಎಂದು ಬರೆದದ್ದು ನನ್ನ ನೆನಪಿನ ಮೇಲೆ. ಹೆಂಡತಿ ಬಲಗಿವಿ ಅನ್ನುತ್ತಾಳೆ. ಮಗಳನ್ನು ಕೇಳಿದರೆ, ಕಿವಿಯ ವಿಷಯ ಬಿಟ್ಟು, ಆ ನಾಯಿ ಆಮೇಲೆ ಸಿಕ್ಕಿತಾ ಅಂತ ನನ್ನನ್ನೇ ಕೇಳುತ್ತಾಳೆ.