ಬೆರಿಲ್ ಒರೆಸಿದ ಕಿಟಕಿ

ಬೆರಿಲ್ ಹಾಬ್ಡೆಯವರ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ಬರುವುದು ಸಿಟ್ಟು. ಅವರ ಮೇಲಲ್ಲ, ನಮ್ಮಂಥ ಓದಿದವರ ಮೇಲೆ. ಆಕ್ಸ್‌ಫರ್ಡ್‌ಶೈರಿನ ನಮ್ಮ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಅವರದು ಒಂದೇ ಕೆಲಸ. ಪರಮಾಣು ಬೆಸೆಯುವ ಸಮ್ಮಿಳನ ಯಂತ್ರದ ಹೊಟ್ಟೆಯಲ್ಲಿ ಸೂರ್ಯನಿಗಿಂತ ಬಿಸಿಯಾದ ಅನಿಲದೊಳಕ್ಕೆ, ಅಂದರೆ ಪ್ಲಾಸ್ಮಾದೊಳಕ್ಕೆ, ಲೇಸರ್ ಬಿಟ್ಟು, ಚದುರಿದ ಬೆಳಕನ್ನು ಗಾಜಿನ ಕಿಟಕಿಯಿಂದ ಹಿಡಿದು, ಪ್ಲಾಸ್ಮಾ ಎಷ್ಟು ದಟ್ಟವಾಗಿದೆಯೆಂದು ಅಳೆಯುವುದು. ಅವರ ರುಜು ಇಲ್ಲದೆ ಯಾವ ಅಳತೆಯೂ ಹೊರಗೆ ಹೋಗುತ್ತಿರಲಿಲ್ಲ.

ಯಂತ್ರದ ಒಳಗೋಡೆ ಶುದ್ಧಿ ಮಾಡುವಾಗ ಆ ಕಿಟಕಿಗೆ ಮುಚ್ಚಳ ಹಾಕಬೇಕು. ಇಲ್ಲವಾದರೆ ಮಸಿಯೆಲ್ಲ ಗಾಜಿಗೆ ಮೆತ್ತಿಕೊಳ್ಳುತ್ತದೆ. ನಮ್ಮ ಮುಖ್ಯಸ್ಥ ಕ್ರಿಸ್ಪಿನ್ ಥ್ವೇಟ್ ಪ್ರತಿ ಸಲ ಮರೆಯುತ್ತಿದ್ದ.

“ಕ್ರಿಸ್ಪಿನ್ ಮರಿ, ಮನೇಲಿ ಟೀ ಪಾತ್ರೆಗಾದ್ರೂ ಮುಚ್ಚಳ ಹಾಕ್ತೀಯೋ ಇಲ್ವೋ?”

“ನಾಳೆಯಿಂದ ಖಂಡಿತ ಬೆರಿಲ್.”

ಆ ನಾಳೆ ಬರಲೇ ಇಲ್ಲ. ಬೆರಿಲ್ ಹಳದಿ ಚೀಟಿ ಬರೆದು ಬರೆದು ಅವನ ಕಂಪ್ಯೂಟರಿಗೆ ಅಂಟಿಸಿ ಸೋತರು.

ಮೇ ತಿಂಗಳಲ್ಲಿ ಯಂತ್ರವನ್ನು ರಿಪೇರಿಗೆ ತೆರೆದಾಗ ಅವರೇ ಕಿಟಕಿ ಒರೆಸಿ, ದಿನಚರಿ ಪುಸ್ತಕದಲ್ಲಿ ಬರೆದಿಟ್ಟರು. ಅದನ್ನು ನಾವ್ಯಾರೂ ಓದಲಿಲ್ಲ. ಯಂತ್ರ ಮತ್ತೆ ಶುರುವಾದ ದಿನ ದಟ್ಟಣೆ ಹೆಚ್ಚುಕಡಿಮೆ ದುಪ್ಪಟ್ಟು ಬಂತು. ದಾಖಲೆ! ಕುಣಿದಾಡಿದೆವು. ಆ ಸಂಖ್ಯೆಯನ್ನೇ ಸಕ್ಕರೆಯಲ್ಲಿ ಬರೆಸಿದ ಕೇಕು ಬಂತು. ಮೂರು ಗಂಟೆಗೆ ಪತ್ರಿಕೆಯವರು ಬರುವವರಿದ್ದರು. ಮಾರನೆಯ ದಿನ ಬೆರಿಲ್‌ಗೆ ನಿವೃತ್ತಿ.

“ಹಾಕಿ ಬೆರಿಲ್, ಕೊನೇ ರುಜು. ಅದೂ ದಾಖಲೆಗೆ!” ಎಂದ ಕ್ರಿಸ್ಪಿನ್.

ಬೆರಿಲ್ ಪೆನ್ನು ಹಿಡಿದು ಆ ಸಂಖ್ಯೆಯನ್ನು ಇನ್ನೊಮ್ಮೆ ನೋಡಿದರು. ಇಂಥದ್ದೊಂದು ದಿನಕ್ಕೆ ಅವರೂ ಮೂವತ್ತೊಂದು ವರ್ಷ ಕಾದಿದ್ದರು.

“ನಾನು ಗಾಜು ಒರೆಸಿದೀನಿ, ಮರಿ.”

“ಒಳ್ಳೇದೇ ಆಯ್ತಲ್ಲ! ಈಗ ನಿಜವಾದ ಅಳತೆ ಕಾಣ್ತಿದೆ.”

“ಹಂಗಾದ್ರೆ ಗಾಜಿಗೆ ಮಸಿ ಹಿಡಿದಾಗ ಅಳತೆ ಬಿದ್ದುಹೋಗ್ಬೇಕಿತ್ತಲ್ಲ? ಯಾಕೆ ಬೀಳ್ಲಿಲ್ಲ? ಯಾರು ಏನು ಸೇರಿಸಿದ್ರಿ, ಹೇಳಿ!”

ಕ್ರಿಸ್ಪಿನ್‌ಗೆ ಆಗ ಏನೋ ನೆನಪಾಯಿತು. ಮೇಜಿನ ಖಾನೆ ತಡಕಾಡಿ ಒಂದು ಹಳದಿ ಚೀಟಿ ತೆಗೆದ. ಅದರಲ್ಲಿ ಅವನ ಅಕ್ಷರ: ‘ಬಂದ ಅಳತೆಯನ್ನು 1.8ರಿಂದ ಗುಣಿಸು.’ ಕಿಟಕಿ ಮಂಕಾದ ನಷ್ಟವನ್ನು ಹೀಗೆ ತುಂಬಿಸಿ ಮರೆತಿದ್ದ; ಗಾಜು ಶುಭ್ರವಾದ ಮೇಲೂ ಗುಣಾಕಾರ ನಡೆದೇ ಇತ್ತು.

ಬೆರಿಲ್ ದಾಖಲೆಯ ಸಂಖ್ಯೆ ಹೊಡೆದುಹಾಕಿ, ಭಾಗಿಸಿ, ಸಾಧಾರಣ ಸಂಖ್ಯೆಯೊಂದನ್ನು ಬರೆದು ರುಜು ಹಾಕಿದರು. ಆಮೇಲೆ ಚೀಟಿಯನ್ನು ತಿರುಗಿಸಿ ನನ್ನ ಮುಂದಿಟ್ಟರು. ಹಿಂದೆ ಅವರದೇ ಅಕ್ಷರ: ‘ಕಿಟಕಿಗೆ ಮಸಿ ಹಿಡಿದಿದೆ. ದಯವಿಟ್ಟು ಮುಚ್ಚಳ ಹಾಕಿ.’

ಆ ಚೀಟಿ ನೋಡಿಕೊಂಡು 1.8 ಅನ್ನು ಕಂಪ್ಯೂಟರಿಗೆ ತುಂಬಿದವನು ನಾನು. ತಿರುಗಿಸಿ ಓದಿರಲಿಲ್ಲ.