ನಿಂತ ಗೋಡೆಗೆ ತೆಳು ಕಡ್ಡಿ

ಮೊನ್ನೆ ಸಂಜೆ ಬಸಳೆ ಸೊಪ್ಪು ಬಿಡಿಸುತ್ತ ಕೂತಿದ್ದೆ. ವೆಲ್ಡಿಂಗ್ ಕಲಿಯುತ್ತಿರುವ ಮೊಮ್ಮಗಳು ಶ್ರಾವ್ಯಾ ಚಪ್ಪಲಿ ಕೂಡ ಬಿಡದೆ ಒಳಗೆ ಓಡಿಬಂದು, ಸೊಪ್ಪಿನ ಮೇಲೆಯೇ ಒಂದು ಕಬ್ಬಿಣದ ತುಂಡನ್ನು ಧೊಪ್ಪೆಂದು ನನ್ನ ಮಡಿಲಿಗೆ ಹಾಕಿದಳು.

"ಅಜ್ಜಿ, ಪಾಸ್! ವರ್ಟಿಕಲ್ ಪಾಸ್, ನಿಂತ ಬೆಸುಗೆ! ಸರ್ ಬೋಲೆ, ಏಕ್‌ದಮ್ ಸಾಫ್ ಉಂಟು ಅಂತ!"

ಅವಳ ಕನ್ನಡವೇ ಹಾಗೆ, ಕುರ್ಲಾ ಸ್ಟೇಷನ್ನಿನ ಸೇತುವೆಯ ಹಾಗೆ. ಎಲ್ಲ ಭಾಷೆಯವರೂ ಅದರ ಮೇಲೆ ನಡೆದು ಹೋಗುತ್ತಾರೆ. ನಾನು ತುಂಡನ್ನು ಮೂಗಿನ ಹತ್ತಿರ ತಂದೆ. ಸುಟ್ಟ ಸುಣ್ಣದ ಹಾಗೆ, ಕಾದ ಬಾಣಲೆಯ ಹಾಗೆ ಒಂದು ವಾಸನೆ. ನಿಮಗೆ ಅದು ಹಿಡಿಸಲಿಕ್ಕಿಲ್ಲ. ನನಗೆ ಅದು ಹೊಸ ಮದುವೆಯ ವಾಸನೆ. ಮಲ್ಲಿಗೆ, ಗಂಧ ಎಲ್ಲ ಮದುವೆಯ ದಿನಕ್ಕಷ್ಟೇ. ಆಮೇಲೆ ಉಳಿದದ್ದು ಇದು, ನಮ್ಮವರ ಅಂಗಿಯಿಂದ ಬರುತ್ತಿದ್ದ ವೆಲ್ಡಿಂಗಿನ ವಾಸನೆ.

ಇಂಗ್ರೇಜಿಯವರು ದೇಶ ಬಿಟ್ಟು ಹೆಚ್ಚು ಕಾಲವಾಗಿರಲಿಲ್ಲ. ಉಡುಪಿ ಕಡೆಯ ಹಳ್ಳಿಯಿಂದ ನಾನು ಕುರ್ಲಾದ ಚಾಳಿಗೆ, ಎಂದರೆ ಸಾಲು ಕೋಣೆಗಳ ವಠಾರಕ್ಕೆ, ಸೊಸೆಯಾಗಿ ಬಂದೆ. ಒಂದೇ ಕೋಣೆ. ಅದರಲ್ಲಿ ಮಾವ, ಅತ್ತೆ, ನಾದಿನಿ ಸುಮತಿ, ನಾವಿಬ್ಬರು. ಮಾವ ಸ್ಟೇಷನ್ ಪಕ್ಕದ ಹೋಟೆಲಿನಲ್ಲಿ ಅಡುಗೆಯವರು. ನಮ್ಮವರಿಗೆ ಚಾಳಿನ ಗೋಡೆಗೆ ಅಂಟಿಕೊಂಡೇ ಇದ್ದ ವರ್ಕ್‌ಶಾಪಿನಲ್ಲಿ ಕೆಲಸ. ಹಿರಿಯರ ಎದುರು ಹೊಸ ಸೊಸೆ ಗಂಡನ ಜೊತೆ ನೇರ ಮಾತಾಡುವ ಪದ್ಧತಿ ಇರಲಿಲ್ಲ. ಆ ಕೋಣೆಯಲ್ಲಿ ಹಿರಿಯರ ಎದುರು ಅಲ್ಲದ ಜಾಗವೇ ಇರಲಿಲ್ಲ! ಹಾಗಾಗಿ ನಮ್ಮ ಸಂಸಾರ ನಡೆದದ್ದು ಸುಮತಿಯ ಮೂಲಕ.

"ಸುಮತಿ, ನಿನ್ನಣ್ಣ ಚಾ ಕುಡೀತಾರಾ ಕೇಳು."

ಅಣ್ಣ ಕೂತಿರುವುದು ನನ್ನಿಂದ ಒಂದು ಮೊಳ ದೂರ. "ಸುಮತಿ, ಕುಡೀತಾನಂತೆ ಹೇಳು."

"ನಾನೆಂತ ಟೆಲಿಫೋನಾ ಮಾರಾಯ್ತಿ?" ಎನ್ನುತ್ತಿದ್ದಳು ಸುಮತಿ. ಆದರೂ ಹೇಳುತ್ತಿದ್ದಳು, ಜೊತೆಗೆ ತನ್ನದೊಂದು ಚೂರು ಸೇರಿಸಿ: "ಅಣ್ಣ ಕುಡೀತಾನಂತೆ, ಸಕ್ಕರೆ ಬೇಡವಂತೆ, ಅತ್ತಿಗೆಯ ಕೈ ತಾಗಿದ್ರೆ ಸಾಕಂತೆ." ಅತ್ತೆ ಸೌಟು ಎತ್ತುತ್ತಿದ್ದರು.

ಮಾತಿಲ್ಲದಿದ್ದರೂ ನನಗೊಂದು ಕೆಲಸ ಸಿಕ್ಕಿತ್ತು. ಮಳೆಗಾಲದಲ್ಲಿ ವೆಲ್ಡಿಂಗ್ ಕಡ್ಡಿಯ ಬಿಳಿ ಲೇಪ ತೇವ ಎಳೆದುಕೊಂಡರೆ ಚಟಚಟ ಸಿಡಿಯುತ್ತದೆ. ಅದಕ್ಕೆ ನಮ್ಮವರು ಕಡ್ಡಿಯ ಪೊಟ್ಟಣಗಳನ್ನು ಮನೆಗೆ ತಂದು ಒಲೆಯ ಬದಿಯಲ್ಲಿ ಇಡುತ್ತಿದ್ದರು. ಹೊರಳಿಸಿ ಹೊರಳಿಸಿ ಬೆಚ್ಚಗಿಡುವುದು ನನ್ನ ಪಾಲು. "ಎಂತ ಹುಡುಗಿ, ಇವತ್ತು ಹುಳಿಗೆ ಕಬ್ಬಿಣದ ನುಗ್ಗೇಕಾಯಾ?" ಎಂದು ಅತ್ತೆ ಕೇಳುತ್ತಿದ್ದರು. ಹಾಗೆ ಹೊರಳಿಸುತ್ತಲೇ ನಾನು ಕಡ್ಡಿಗಳ ಗುರುತು ಕಲಿತೆ. ಎಂಟು ನಂಬರ್ ದಪ್ಪ, ಹತ್ತು ನಂಬರ್ ಮಧ್ಯಮ, ಬಾರಾ ನಂಬರ್, ಎಂದರೆ ಹನ್ನೆರಡು, ತೆಳು. ನಂಬರು ಏರಿದ ಹಾಗೆ ಕಡ್ಡಿ ಸಣ್ಣಗಾಗುತ್ತದೆ. ಯಾರು ಮಾಡಿದ ಲೆಕ್ಕವೋ! ನನ್ನ ವಯಸ್ಸಿನ ನಂಬರೂ ಏರುತ್ತಲೇ ಇದೆ, ನಾನು ಮಾತ್ರ ಎಂಟು ನಂಬರಿನ ದಾರಿ ಹಿಡಿದಿದ್ದೇನೆ.

ಸುಮತಿಗೆ ಪರೇಲಿನ ಮಿಲ್ಲಿನಲ್ಲಿ ಕೆಲಸದಲ್ಲಿದ್ದ ಹುಡುಗ ನಿಶ್ಚಯವಾದ. ಮದುವೆ ನಮ್ಮ ಚಾಳಿನ ಅಂಗಳದಲ್ಲೇ. ಚಪ್ಪರ ಎದ್ದಿತು, ಪಾತ್ರೆ ಬಂತು, ಇನ್ನು ಎರಡೇ ದಿನ ಎನ್ನುವಾಗ ಅಂಗಳದ ಕಬ್ಬಿಣದ ನೀರಿನ ಟಾಂಕಿ ಮೂಲೆಯಲ್ಲಿ ಉದ್ದಕ್ಕೆ ಸೀಳು ಬಿಟ್ಟಿತು. ಇಡೀ ಚಾಳಿಗೆ ಅದೊಂದೇ ಟಾಂಕಿ. ನಲ್ಲಿ ನೀರು ಬೆಳಿಗ್ಗೆ ಸ್ವಲ್ಪ ಹೊತ್ತು ಬಂದು ಹೋಗುತ್ತಿತ್ತು, ಆಗ ತುಂಬಿಸಿಕೊಂಡರೆ ಉಂಟು. ಟಾಂಕಿ ನಿಲ್ಲದಿದ್ದರೆ ಮದುವೆಯ ಅನ್ನಕ್ಕೆ ನೀರಿಲ್ಲ, ಬೀಗರ ಕಾಲು ತೊಳೆಯಲಿಕ್ಕೂ ನೀರಿಲ್ಲ. ಅತ್ತೆ ಚಪ್ಪರದ ಕಂಬ ಹಿಡಿದು ಕೂತೇಬಿಟ್ಟರು.

"ನಮ್ಮ ಮಗ ಇದ್ದಾನಲ್ಲ, ಬೆಸುಗೆ ಹಾಕ್ತಾನೆ," ಎಂದು ಮಾವ ಚಾಳಿಗೆಲ್ಲ ಕೇಳುವ ಹಾಗೆ ಹೇಳಿದರು.

ಮಗ ಅಲ್ಲಿಯವರೆಗೆ ಬೆಸುಗೆ ಹಾಕಿದ್ದೆಲ್ಲ ಮೇಜಿನ ಮೇಲೆ ಮಲಗಿಸಿದ ಕಿಟಕಿ ಸರಳು, ಗೇಟುಗಳಿಗೆ. ಮಲಗಿದ ಕಬ್ಬಿಣದ ಮೇಲೆ ಕರಗಿದ್ದು ಅಲ್ಲೇ ಕೂರುತ್ತದೆ. ನಿಂತ ಕಬ್ಬಿಣದ ಮೇಲೆ ಕೂರುತ್ತದೆಯೇ? ಟಾಂಕಿಯನ್ನು ಮಲಗಿಸುವ ಹಾಗಿರಲಿಲ್ಲ, ಕಲ್ಲಿನ ಕಟ್ಟೆಗೆ ಸಿಮೆಂಟು ಹಾಕಿ ಕೂರಿಸಿದ್ದರು. ಇವರಿಗೆ ಕೆಲಸ ಕಲಿಸಿದ ಉಸ್ತಾದರು ಊರಿಗೆ ಹೋಗಿದ್ದರು. ನಿಂತ ಕೆಲಸಕ್ಕೆ ತೆಳು ಕಡ್ಡಿ ಎಂದು ಅವರು ಯಾವಾಗಲೋ ಹೇಳಿದ ಮಾತೊಂದೇ ಇವರ ಬಂಡವಾಳ.

ವರ್ಕ್‌ಶಾಪಿನ ಗೋಡೆ ಹಾರಿಸಿ ಉದ್ದ ವೈರು ಎಳೆದರು. ಕಣ್ಣು ಹಾಳಾಗುತ್ತದೆಂದು ಎಲ್ಲರನ್ನೂ ದೂರ ನಿಲ್ಲಿಸಿ, ಮುಖಕ್ಕೆ ಕಪ್ಪು ಗಾಜು ಹಿಡಿದು, ಇವರು ಬಾರಾ ನಂಬರ್ ಕಡ್ಡಿ ಸಿಕ್ಕಿಸಿದರು. ಪಕ್ಕದ ಕೋಣೆಯ ಶೇವಂತಾಬಾಯಿ ಸೊಂಟಕ್ಕೆ ಕೈ ಇಟ್ಟು ಕೂಗಿದಳು: "ಅರೆ ಭಾವೂ, ಉದಬತ್ತೀ ಲಾವತೋಸ್ ಕಾ? ಇಷ್ಟು ದೊಡ್ಡ ಟಾಂಕಿಗೆ ಇಷ್ಟೇ ಇಷ್ಟು ಊದುಬತ್ತಿಯಾ?"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಹೊಸ ಮದುವೆಯ ಗಂಡಸು, ಹೆಂಡತಿ ಬೇರೆ ನೋಡುತ್ತಿದ್ದಾಳೆ. ಕಿವಿ ಕೆಂಪಾಯಿತು. ತೆಳು ಕಡ್ಡಿ ಕಿತ್ತು ಎಂಟು ನಂಬರ್ ಸಿಕ್ಕಿಸಿ, ಮಶೀನಿನ ಬಿಸಿ ಏರಿಸಲಿಕ್ಕೆ ಗೋಡೆಯಾಚೆ ಕೂಗಿದರು. ಭರ್ರೆಂದು ಬೆಳಕು! ನಾವೆಲ್ಲ ಮುಖ ತಿರುಗಿಸಿದೆವು. ತಿರುಗಿ ನೋಡುವಾಗ ಕರಗಿದ ಕಬ್ಬಿಣ ಬೆಲ್ಲದ ಪಾಕದ ಹಾಗೆ ಜೋತು ಬಿದ್ದು, ಇವರ ಚಪ್ಪಲಿಯ ಮೇಲೆ ತೊಟ್ಟಿಕ್ಕಿತು. ಇವರು ಒಂಟಿ ಕಾಲಲ್ಲಿ ಕುಣಿದರು. ಟಾಂಕಿಯಲ್ಲಿ ಮೊದಲು ಬರೀ ಗೆರೆ ಇತ್ತು, ಈಗ ಹುಣಸೆ ಬೀಜ ತೂರುವಷ್ಟು ತೂತು. ಯಾರೂ ನಗಲಿಲ್ಲ, ಶೇವಂತಾಬಾಯಿಯೂ ಕೂಡ. ಮಾವ ಹೆಗಲಿನ ಬೈರಾಸು ತೆಗೆದು ಮುಖ ಒರೆಸಿಕೊಂಡರು. ಸುಮತಿಯ ಕಣ್ಣಲ್ಲಿ ನೀರು.

ನನಗೆಲ್ಲಿಂದ ಧೈರ್ಯ ಬಂತೋ. "ಸುಮತಿ," ಎಂದೆ, ಅಂಗಳಕ್ಕೆಲ್ಲ ಕೇಳುವ ಹಾಗೆ, "ನಿನ್ನಣ್ಣನಿಗೆ ಹೇಳು. ಊರಲ್ಲಿ ನೆಲ ಸಾರಿಸುವಾಗ ಬೊಗಸೆ ತುಂಬ ಸುರಿದರೂ ನಡೀತದೆ. ಗೋಡೆಗೆ ಮಣ್ಣು ಮೆತ್ತುವಾಗ ಸ್ವಲ್ಪ ಸ್ವಲ್ಪವೇ. ಕೆಳಗಿನದ್ದು ಗಟ್ಟಿಯಾದ ಮೇಲೆ ಅದರ ತಲೆ ಮೇಲೆ ಇನ್ನೊಂದು ಚೂರು. ಜಾಸ್ತಿ ಹಾಕಿದ್ರೆ ಅಷ್ಟೂ ಕಾಲ ಮೇಲೆ."

ಇವರು ಗಾಜು ಇಳಿಸಿ ನನ್ನ ಕಡೆಗೇ ನೋಡಿದರು. ಆಮೇಲೆ ನೆನಪಾಗಿ ತಂಗಿಯ ಕಡೆ ತಿರುಗಿದರು. "ಸುಮತಿ, ನಿನ್ನ ಅತ್ತಿಗೆಗೆ ಹೇಳು, ಒಲೆ ಹತ್ರ ಇರುವ ಬಾರಾ ನಂಬರ್ ಪೊಟ್ಟಣ ಬಿಸಿಬಿಸಿ ತರ್ಲಿ."

"ನನ್ನದೇ ಮದುವೆ, ನಾನೇ ಟಪಾಲಿನವಳು!" ಎಂದು ಸುಮತಿ ಅಳುತ್ತಲೇ ನಕ್ಕಳು.

ಕಡ್ಡಿಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಾನು ಹತ್ತಿರ ನಿಂತೆ, ಒಂದೊಂದೇ ಕೊಟ್ಟೆ. ಇವರು ಮಶೀನಿನ ಬಿಸಿ ಇಳಿಸಲಿಕ್ಕೆ ಕೂಗಿ ಹೇಳಿ ತಳದಿಂದ ಶುರು ಮಾಡಿದರು. ಒಂದು ಚುಕ್ಕೆ, ಅದರ ಕೆಂಪು ಆರುವ ತನಕ ತಡೆ, ಅದರ ಮೇಲೆ ಮತ್ತೊಂದು. ಒಂದು ಕಡ್ಡಿ ಮುಗಿದರೆ ಸುತ್ತಿಗೆಯಿಂದ ಕುಟ್ಟಿ ಕಪ್ಪು ಕಿಟ್ಟ ಉದುರಿಸುವುದು. ಮೇಲೆ ಮುಟ್ಟುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಬೆಸುಗೆಯ ಮೇಲೆ ಸುಣ್ಣ ಬಳಿದರು. ನೀರು ತುಂಬಿದ ಮೇಲೆ ಎಲ್ಲಿ ಜಿನುಗಿದರೂ ಬಿಳಿಯಲ್ಲಿ ಕಪ್ಪು ಕಾಣಬೇಕು.

ಬೆಳಿಗ್ಗೆ ನಲ್ಲಿ ಬಂತು. ಟಾಂಕಿ ತುಂಬುವ ತನಕ ಚಾಳಿಗೆ ಚಾಳೇ ಕೊಡ ಹಿಡಿದು ನಿಂತಿತ್ತು. ಸುಣ್ಣ ಬಿಳಿಯಾಗಿಯೇ ಇತ್ತು. ಅಷ್ಟರಲ್ಲಿ ಅತ್ತೆ, "ಅಯ್ಯೋ, ಅಗೋ ಅಲ್ಲಿ!" ಎಂದರು. ನಡುವಿನಲ್ಲಿ ಒದ್ದೆ ಕಲೆ. ಮಾವ ಬಗ್ಗಿ ನೋಡಿದರು. ಕಲೆಗೆ ಐದು ಬೆರಳಿದ್ದವು! ಶೇವಂತಾಬಾಯಿ ತನ್ನ ಒದ್ದೆ ಕೈಯನ್ನು ಮೆಲ್ಲಗೆ ಸೆರಗಿನ ಒಳಗೆ ಅಡಗಿಸಿದಳು. "ಕಾಯ್ ಕರೂ, ಏನು ಮಾಡಲಿ, ಮುಟ್ಟಿ ನೋಡಬೇಕು ಅನಿಸಿತು," ಎಂದಳು. ಆ ದಿನ ಎದ್ದ ನಗು ಟಾಂಕಿಗಿಂತ ಹೆಚ್ಚು ತುಂಬಿ ಚೆಲ್ಲಿತು.

ಮದುವೆ ಚೆನ್ನಾಗಿ ಆಯಿತು. ಬೀಗರು ಎರಡೆರಡು ಸಲ ಪಾಯಸ ಹಾಕಿಸಿಕೊಂಡರು. ಸುಮತಿ ಪರೇಲಿಗೆ ಹೋದಳು. ಮರುದಿನ ಬೆಳಿಗ್ಗೆ ಚಾ ಸೋಸುತ್ತ, ರೂಢಿಯಂತೆ, "ಸುಮತಿ, ನಿನ್ನಣ್ಣ..." ಎಂದವಳು ಅಲ್ಲೇ ನಿಂತೆ. ಅತ್ತೆ ಏನೂ ಕೇಳಿಸದವರ ಹಾಗೆ ಗೋಡೆಯ ಕಡೆ ತಿರುಗಿ ಮಲ್ಲಿಗೆ ಹಂಬು ಹುಡುಕತೊಡಗಿದರು, ಆ ಗೋಡೆಯಲ್ಲಿ ಮಲ್ಲಿಗೆ ಎಲ್ಲಿಂದ ಬರಬೇಕು!

"ಸುಮತಿ ಇಲ್ಲ," ಎಂದರು ಇವರು, "ನನ್ನ ಹತ್ರವೇ ಕೇಳು."

"ಚಾ ಬೇಕಾ?" ಎಂದೆ.

ಅಲ್ಲಿಂದ ಶುರುವಾದ ಮಾತು ಇವತ್ತಿಗೂ ಮುಗಿದಿಲ್ಲ. ಮಧ್ಯೆ ನಾನು ತುಂಬ ಜೋರು ಮಾತೂ ಆಡಿದ್ದೇನೆ, ಸುಳ್ಳು ಯಾಕೆ?

ಮೊನ್ನೆ ಶ್ರಾವ್ಯಾ ತಂದ ತುಂಡನ್ನು ಕಿಟಕಿ ಬದಿಯ ಮಂಚದಲ್ಲಿ ಮಲಗಿದ್ದ ಇವರ ಕೈಗೆ ಕೊಟ್ಟೆ. ಕಣ್ಣು ಮಂಜು, ಕಿವಿ ಮಂದ. ಬೆಸುಗೆಯ ಮೇಲೆ ಹೆಬ್ಬೆರಳು ಇಟ್ಟು ಕೆಳಗಿನಿಂದ ಮೇಲಕ್ಕೆ ಎಳೆದರು, ಮತ್ತೊಮ್ಮೆ ಎಳೆದರು. ಮುಖ ಅರಳಿತು.

"ಶ್ರಾವ್ಯಾ, ನಿನ್ನಜ್ಜಿಗೆ ಕೇಳು, ತಳಕ್ಕೆ ಯಾವ ಕಡ್ಡಿ ಹಾಕಿದ್ದು?"

"ಮೈ ಕ್ಯಾ ಟೆಲಿಫೋನ್ ಹೂಂ?" ಎಂದಳು ಹುಡುಗಿ. "ಅಜ್ಜಿ ಇಲ್ಲೇ ಇದ್ದಾಳಲ್ಲ!"

ಸುಮತಿಯನ್ನು ಅವಳು ನೋಡಿದವಳೇ ಅಲ್ಲ. ನನಗೆ ನಗು ತಡೆಯಲಿಲ್ಲ, ಕಣ್ಣಲ್ಲಿ ನೀರೂ ಬಂತು. ಬೆಸುಗೆಯ ಸಣ್ಣ ಗೆರೆ ನೋಡಿದರೇ ಕಡ್ಡಿ ಯಾವುದೆಂದು ಗೊತ್ತಾಗುತ್ತಿತ್ತು. ಬಗ್ಗಿ ಇವರ ಕಿವಿಗೆ ಬಾಯಿ ಇಟ್ಟು ಕೂಗಿದೆ:

"ಬಾರಾ ನಂಬರ್! ಹುಡುಗಿ ಬಾರಾ ನಂಬರೇ ಹಾಕಿದ್ದು!"

ಇಡೀ ಬಿಲ್ಡಿಂಗಿಗೆ ಕೇಳಿರಬೇಕು. ಎದುರು ಮನೆಯವರು ಬಾಗಿಲು ತೆರೆದು ಏನಾಯಿತೆಂದು ಕೇಳಿದರು. ಸೆರಗಿನಲ್ಲಿ ಹಿಡಿದುಕೊಂಡಿದ್ದ ಬಸಳೆಯನ್ನೆಲ್ಲ ನೆಲಕ್ಕೆ ಸುರಿದು, ಇವರ ಕೈಯಿಂದ ಕಬ್ಬಿಣದ ತುಂಡು ತೆಗೆದುಕೊಂಡು ತೋರಿಸಲಿಕ್ಕೆ ಹೊರಟೆ. ಮುಟ್ಟಿ ನೋಡಿ ಎಂದೆ, ಕೈ ಒದ್ದೆ ಇದ್ದರೂ ಅಡ್ಡಿಯಿಲ್ಲ.