ಅಪ್ಪನ ಹೆಸರಿನ ಕಬಾಬ್

ಬೀದರಿನ ಚಿದ್ರಿಯಲ್ಲಿರುವ ನಮ್ಮ ಮನೆಯ ಹಿತ್ತಲಲ್ಲಿ ಒಂದು ಕಬ್ಬಿಣದ ಸಿಗಡಿ ಇತ್ತು. ಎರಡು ಮೊಳ ಉದ್ದದ ಇದ್ದಿಲೊಲೆ, ನಾಲ್ಕು ಕಾಲು. ಈಸ್ಟರ್, ಕ್ರಿಸ್ಮಸ್, ಯಾರದೋ ವರ್ಗಾವಣೆ, ಯಾರದೋ ಮಗಳು ಪಾಸಾದದ್ದು, ಏನಾದರೊಂದು ನೆವ ಸಿಕ್ಕರೆ ಸಾಕು, ಅಪ್ಪ ಅದಕ್ಕೆ ಇದ್ದಿಲು ತುಂಬಿ ಸೀಖ್ ಕಬಾಬ್ ಸುಡುತ್ತಿದ್ದ. ಅಪ್ಪ ನಿವೃತ್ತ ಶಾಲಾ ಮಾಸ್ತರ. ಆಯುಷ್ಯವೆಲ್ಲ ಮಕ್ಕಳ ಮುಂದೆ ನಿಂತು ಮಾತಾಡಿದವನಿಗೆ ಮನೆಗೆ ಬಂದ ಮೇಲೂ ನೋಡುವವರು ಬೇಕಾಗಿದ್ದರು. ಸಿಗಡಿಯ ಸುತ್ತ ಅವರು ಸಿಕ್ಕರು. ಮಾಸ್ತರ ಕೈ ಕಬಾಬ್ ಎಂದರೆ ನಮ್ಮ ಚರ್ಚಿನ ಮಂದಿ ಬೆಳಗಿನ ನಾಷ್ಟಾ ಬಿಟ್ಟು ಬರುತ್ತಿದ್ದರು.

ಮಟನ್ ಆರಿಸಿ ತರುವವನು ಅಪ್ಪ. ಖೀಮಾಕ್ಕೆ ಮಸಾಲೆ ಕಲಸಿ ಕಬ್ಬಿಣದ ಸಳಿಗೆ ಹಚ್ಚಿ ತಿರುವುವವನೂ ಅವನೇ. ಅದನ್ನು ಅಲ್ಲಗಳೆಯುವುದಿಲ್ಲ. ಅವ್ವನದು ಬೀಸುವ ಕೆಲಸ. ಸಿಗಡಿಯ ಆಚೆ ಬದಿಗೆ, ಸರಿಯಾಗಿ ಹೊಗೆ ಹೋಗುವ ಕಡೆಗೆ, ಒಂದು ಮಣೆ ಹಾಕಿಕೊಂಡು ರಟ್ಟಿನ ತುಂಡಿನಿಂದ ಬೀಸುತ್ತ ಕೂತಿರುತ್ತಿದ್ದಳು. ಕೊಬ್ಬು ತೊಟ್ಟಿಕ್ಕಿ ಉರಿ ಎದ್ದರೆ ರಟ್ಟು ನಿಲ್ಲಿಸುವಳು. ಒಂದು ಮೂಲೆ ಹೆಚ್ಚು ಕೆಂಪಾದರೆ ಇಕ್ಕಳದಿಂದ ಬೂದಿ ಎಳೆದು ಮುಚ್ಚುವಳು. ಮಾತಿಲ್ಲ ಕತೆಯಿಲ್ಲ. ಅಪ್ಪ ಬಂದವರೊಡನೆ ಹರಟುತ್ತ, ನಡುನಡುವೆ ಅವಳ ಕಡೆ ನೋಡದೆ “ಬೀಸು, ಬೀಸು” ಎನ್ನುತ್ತಿದ್ದ. ಅವಳು ಕೆಮ್ಮುತ್ತಿದ್ದಳು. ಹೊಗೆಯಲ್ಲಿ ಕೂತವರು ಕೆಮ್ಮದೆ ಇನ್ನೇನು ಮಾಡುತ್ತಾರೆ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಭಾಲ್ಕಿಯಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ನನ್ನ ತಮ್ಮ ಒಬ್ಬನೇ ಹಾಗೆ ಅಂದುಕೊಳ್ಳಲಿಲ್ಲ. ಒಂದು ಸಲ ಮುಚ್ಚಳವಿರುವ ಗ್ಯಾಸ್ ಗ್ರಿಲ್ ಒಂದನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದ. “ಅವ್ವಗ ಹೊಗಿ ಆಗಿಬರಂಗಿಲ್ಲ. ಇನ್ನಮುಂದ ಇದರ ಮ್ಯಾಲ ಮಾಡ್ರಿ” ಎಂದ. ಅಪ್ಪ ಅದನ್ನು ಸುತ್ತು ಹಾಕಿ ನೋಡಿ ನಕ್ಕ. “ಗುಂಡಿ ತಿರುವಿ ಸುಟ್ಟದ್ದಕ್ಕ ರುಚಿ ಎಲ್ಲಿಂದ ಬರ್ತದಪಾ? ಅದು ಆಸ್ಪತ್ರಿ ಊಟ ಆಗ್ತದ.”

ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಔರಾದ್ ಕಡೆಯ ಒಂದು ಆಸ್ಪತ್ರೆಯಲ್ಲಿ ನಾನು ನರ್ಸ್. ಅಪ್ಪನ ಪರವಾಗಿ ವಕಾಲತ್ತು ಬೇರೆ ಮಾಡಿದೆ: ಇದ್ದಿಲಿನ ವಾಸನೆ ಇಲ್ಲದಿದ್ದರೆ ಅದು ಕಬಾಬೇ ಅಲ್ಲ, ಹಾಗಿದ್ದರೆ ಬಾಣಲೆಯಲ್ಲಿ ಹುರಿದು ತಿನ್ನಬಹುದಲ್ಲ ಎಂದೆ. ಕಮಲನಗರದ ಹತ್ತಿರ ಜಾಲಿ ಕಟ್ಟಿಗೆಯ ಇದ್ದಿಲು ಮಾಡುವವನೊಬ್ಬನಿದ್ದ, ಅವನ ಮಾಲು ಕಿಡಿ ಹಾರದೆ ನಿಧಾನಕ್ಕೆ ಉರಿಯುತ್ತಿತ್ತು. ರಜೆಗೆ ಬರುವಾಗ ಅದರ ಚೀಲವನ್ನು ಬಸ್ಸಿನ ಸೀಟಿನ ಕೆಳಗೆ ತಳ್ಳಿಕೊಂಡು ತರುತ್ತಿದ್ದವಳೂ ನಾನೇ. ತಮ್ಮ ಅವ್ವನ ಮುಖ ನೋಡಿದ. “ನಂಗೇನಾಗ್ಯಾದ? ನೀವು ಹ್ಯಾಂಗ ಅಂತೀರಿ ಹಂಗ” ಎಂದು ಅವಳು ಒಳಗೆ ಹೋದಳು. ಗ್ರಿಲ್ ಗೋಡೆಗೆ ಒರಗಿ ಕೂತಿತು. ಬೇಸಿಗೆಯಲ್ಲಿ ಅವ್ವ ಅದರ ಮೇಲೆ ಹಪ್ಪಳ ಒಣಗಿಸಿದಳು.

ಆಮೇಲೆ ಚರ್ಚಿಗೆ ನಡೆಯುವಾಗ ಅವಳು ದಾರಿಯಲ್ಲಿ ಮೂರು ಕಡೆ ನಿಲ್ಲತೊಡಗಿದಳು. ಒಂದು ಕಡೆ ತರಕಾರಿ ಗಾಡಿಯವಳ ಜೊತೆ ಮಾತು, ಇನ್ನೊಂದು ಕಡೆ ಯಾರದೋ ಕಟ್ಟೆ. “ನೀ ನಡಿ, ನಾ ಎರಡು ಮಾತಾಡಿ ಬರ್ತೇನಿ” ಎನ್ನುತ್ತಿದ್ದಳು. ವಯಸ್ಸಾದ ಮೇಲೆ ನಮ್ಮವ್ವನಿಗೆ ನಾಲಿಗೆ ಬಂತು ಎಂದು ನಾನು ತಮಾಷೆ ಮಾಡಿದ್ದೆ. ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ವಾರ್ಡಿನಲ್ಲಿ ದಿನವಿಡೀ ಮಂದಿಯ ಉಸಿರು ಎಣಿಸುವ ನನಗೆ ಇದು ಕಾಣಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ನನ್ನಂಥವರನ್ನು ನೋಡಿಯೇ.

ಕೊನೆಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, “ಬೀಡಿ ಸೇದ್ತಿದ್ರೇನ್ರಿ?” ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. “ಇಲ್ರಿ ಸಾಹೇಬ್ರ. ನಮ್ಮ ಮನ್ಯಾಗ ಗಂಡಸರೂ ಸೇದಂಗಿಲ್ರಿ.”

“ಮತ್ತ ಹೊಗಿ?”

“ಹೊಗಿ ಯಾರಿಗಿ ತಪ್ಪ್ಯಾದ್ರಿ?”

ಹಲಬರ್ಗಾದ ತವರಿನಲ್ಲಿ ಕಟ್ಟಿಗೆ ಒಲೆ ಊದಿದ್ದು, ಗಂಡನ ಮನೆಯಲ್ಲಿ ಸಿಗಡಿ ಬೀಸಿದ್ದು, ಎಲ್ಲ ಸೇರಿ ಎದೆಯೊಳಗೆ ಕೂತಿತ್ತು. ಹೋದದ್ದು ವಾಪಸ್ ಬರುವುದಿಲ್ಲ, ಇದ್ದದ್ದನ್ನು ಕಾಯ್ದುಕೊಳ್ಳಿ, ಹೊಗೆಯ ಹತ್ತಿರ ಸುಳಿಯಬೇಡಿ ಎಂದರು ಡಾಕ್ಟರು. ಹೊರಗೆ ಬಂದ ಮೇಲೆ ನನಗೆ ತಮ್ಮನಿಗೆ ಫೋನು ಮಾಡುವ ಧೈರ್ಯ ಬರಲಿಲ್ಲ.

ಮುಂದಿನ ಈಸ್ಟರಿಗೆ ಗ್ರಿಲ್ ಹಚ್ಚಿದೆವು. ಅವ್ವ ಒಳಗಿನ ಕೋಣೆಯಲ್ಲಿ, ಜಾಳಿಗೆ ಕಿಟಕಿಯ ಪಕ್ಕ ಮಂಚದ ಮೇಲಿದ್ದಳು. ಅಪ್ಪನ ಮೊದಲ ಸಾಲಿನ ಕಬಾಬ್ ಹೊರಗೆ ಕರಕು, ಒಳಗೆ ಹಸಿ. ಎರಡನೆಯದರಲ್ಲಿ ಖೀಮಾ ಸಳಿಯಿಂದ ಕಳಚಿ ಉರಿಗೆ ಬಿತ್ತು. ಬಂದವರು ಬರೀ ಈರುಳ್ಳಿ ತಿನ್ನುತ್ತಿದ್ದರು. ಅಪ್ಪ ಗ್ಯಾಸನ್ನು ಬೈದ, ಸಿಲಿಂಡರನ್ನು ಬೈದ, ತಮ್ಮನನ್ನೂ ಬೈದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಆಗ ಕಿಟಕಿಯಿಂದ ಅವ್ವನ ದನಿ ಬಂತು, ನಾಲ್ಕು ಶಬ್ದಕ್ಕೊಮ್ಮೆ ನಿಲ್ಲುತ್ತ. “ರೀ, ಮುಚ್ಚಳ ತಗೀರಿ. ಉರಿ ಇಳಸ್ರಿ. ಇನ್ನಾ ಇಳಸ್ರಿ. ಬಲಗಡಿ ಸಳಿ ಸುಡ್ಲಿಕತ್ಯಾದ, ಆ ಕಡಿ ಸರಸ್ರಿ.” ಅವಳಿಗೆ ಗ್ರಿಲ್ ಕಾಣುತ್ತಲೂ ಇರಲಿಲ್ಲ. ಕೊಬ್ಬು ಸಿಡಿಯುವ ಸಪ್ಪಳ ಕೇಳಿ, ವಾಸನೆ ಹಿಡಿದು ಹೇಳುತ್ತಿದ್ದಳು. ಅಪ್ಪ ಹೇಳಿದಂತೆ ಮಾಡಿದ. ಮೂರನೆಯ ಸಾಲು ಎಂದಿನಂತೆ ಬಂತು, ಸುತ್ತಲೂ ಒಂದೇ ಬಣ್ಣ, ಮುಟ್ಟಿದರೆ ಮೆತ್ತಗೆ.

ಅಪ್ಪ ನನ್ನ ಹತ್ತಿರ ಬಗ್ಗಿ ಸಣ್ಣ ದನಿಯಲ್ಲಿ ಅಂದ, “ಇಷ್ಟು ವರ್ಷ ನಾ ಬರೇ ಸಳಿ ತಿರುವಾಂವ ಇದ್ದೆ ನೋಡು.” ಅಷ್ಟರಲ್ಲಿ ಒಬ್ಬರು ಬಾಯಿ ತುಂಬಿಕೊಂಡು, “ಈಗ ಬಂತ್ರಿ ಮಾಸ್ತರ ಕೈ ರುಚಿ!” ಎಂದರು. ಅಪ್ಪ ಕಿಟಕಿಯ ಕಡೆ ಒಮ್ಮೆ ನೋಡಿ, ಅವರ ಕಡೆ ತಿರುಗಿ ನಕ್ಕ.

ಮರುದಿನ ನಾನು ಔರಾದಿಗೆ ಹೊರಟಾಗ ಅವ್ವ ಕೈ ಹಿಡಿದಳು. “ಬರೋವಾಗ ಒಂದು ಚೀಲ ಇದ್ದಲಿ ತಾ. ಒಮ್ಮಿ ನಾನೇ ಸುಡ್ತೇನಿ. ಸಳಿನೂ ನಾನೇ ಹಿಡಿತೇನಿ. ಮಂದಿ ಎಲ್ಲಾ ಬರ್ಲಿ, ನೋಡ್ಲಿ.”

“ಗ್ಯಾಸ್ ಮ್ಯಾಲ ಮಾಡವ್ವಾ.”

“ಗ್ಯಾಸಿನ ಬೆಂಕಿ ಗುಂಡಿ ಮಾತು ಕೇಳ್ತದ. ಇದ್ದಲಿ ನನ್ನ ಮಾತು ಕೇಳ್ತದ.”

“ಹುಚ್ಚಿದ್ದೀಯೇನು? ಉಸಿರು ಬೇಕೋ ಬ್ಯಾಡೋ?” ಎಂದು ಗದರಿದೆ. “ಆಯ್ತು ಬಿಡು” ಎಂದು ಕೈ ಬಿಟ್ಟಳು, ಮತ್ತೆ ಕೇಳಲಿಲ್ಲ. ನಾನು ಹೇಳಿದ್ದು ಸರಿ, ಯಾವ ಡಾಕ್ಟರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಆದರೆ ಅಪ್ಪ ಬಾಯಿ ಬಿಡುವ ಮೊದಲೇ ಚೀಲ ಹೊತ್ತು ತರುತ್ತಿದ್ದವಳು, ಅವ್ವ ಕೇಳಿದ ಒಂದೇ ಒಂದು ಸಲ ಇಲ್ಲ ಎಂದೆ. ಅದಕ್ಕೆ ನನ್ನ ಮೇಲೆ ನನಗೇ ಇವತ್ತಿಗೂ ಸಿಟ್ಟಿದೆ. ಉಳಿಸಿದ ಆ ಉಸಿರು ಮಳೆಗಾಲ ದಾಟಲಿಲ್ಲ. ಜ್ವರ ಬಂತು, ಕಫ ಕಟ್ಟಿತು, ವಾರದೊಳಗೆ ಮುಗಿಯಿತು.

ಅವಳ ಸ್ಮರಣೆಯ ಪ್ರಾರ್ಥನಾ ಕೂಟ ಮನೆಯಲ್ಲೇ ಆಯಿತು. ಹಾಡಾದ ಮೇಲೆ ಸಭಾಪಾಲಕರು, ಆಕೆಯ ಬಗ್ಗೆ ಎರಡು ಮಾತು ಹೇಳುವವರು ಹೇಳಬಹುದು ಎಂದರು. ಶಾಂತ ಸ್ವಭಾವ ಎಂದರು ಒಬ್ಬರು. ದನಿ ಎತ್ತಿದವಳಲ್ಲ ಎಂದರು ಇನ್ನೊಬ್ಬರು. ಮಾಸ್ತರರ ನೆರಳಿನಂತಿದ್ದರು ಎಂದರು ಮತ್ತೊಬ್ಬರು. ಅಪ್ಪ ಎದ್ದು ಕುರ್ಚಿಯ ಬೆನ್ನು ಹಿಡಿದು ನಿಂತ. ಅವತ್ತು ನನ್ನ ಕಿವಿಯಲ್ಲಿ ಅಂದದ್ದನ್ನು ಈಗ ಎಲ್ಲರೆದುರು ಹೇಳುತ್ತಾನೆ ಎಂದು ಕಾದೆ. “ನಂಗ ಭಾಳ ಸಹಾಯ ಮಾಡಿದ್ಲು” ಎಂದು ಕೂತುಬಿಟ್ಟ. ನಾನೂ ಏಳಬಹುದಿತ್ತು. ಅಳುವ ಮುದುಕನ ಮರ್ಯಾದೆ ಮಂದಿಯ ಮುಂದೆ ಯಾಕೆ ತೆಗೆಯಲಿ ಎಂದುಕೊಂಡು ಸೆರಗು ತಿರುವುತ್ತ ಕೂತೆ.

ಚಹಾ ಕೊಡುವಾಗ ಹಿರಿಯರೊಬ್ಬರು ಅಪ್ಪನ ಹೆಗಲ ಮೇಲೆ ಕೈಯಿಟ್ಟರು. “ಧೈರ್ಯ ತಗೋರಿ ಮಾಸ್ತರ್. ಬರೋ ಈಸ್ಟರಕ್ಕ ನಿಮ್ಮ ಕೈ ಕಬಾಬ್ ತಿಂತೇವಲ್ರಿ?”

ಅಪ್ಪ ತಲೆ ಅಲ್ಲಾಡಿಸಿದ. “ಇಲ್ರಿ. ಬಿಟ್ಟುಬಿಟ್ಟೇನಿ. ಈ ಗ್ಯಾಸ್ ಮ್ಯಾಲ ಹದಾ ಬರಂಗಿಲ್ರಿ.” ಹೇಳಿ ನನ್ನ ಕಡೆ ನೋಡಿದ. ಹಿರಿಯರೂ ನೋಡಿದರು.

“ಹೌದ್ರಿ” ಎಂದೆ, ಅವರ ಕೈಗೆ ಕಪ್ಪು ಕೊಡುತ್ತ. “ಅದಕ್ಕ ಇದ್ದಲಿನೇ ಬೇಕ್ರಿ.”